ಮೌಸ್ ಅಲ್ಲಾಡಿಸಿದರೆ ನಿಲ್ಲುವ ಸದ್ದು

ಜುಲೈ ತಿಂಗಳ ರಾತ್ರಿ. ಉಡುಪಿಯಲ್ಲಿ ಮಳೆ ಸ್ವಲ್ಪ ಬಿಟ್ಟಿತ್ತು, ತೋಟದಲ್ಲಿ ಜೀರುಂಡೆ ಶುರುವಾಗಿತ್ತು. "ಅಪ್ಪ, ಲ್ಯಾಪ್‌ಟಾಪ್ ಒಳಗೂ ಒಂದು ಜೀರುಂಡೆ ಉಂಟು" ಎಂದಳು ಮಗಳು. ಕಿಟಕಿ ಮುಚ್ಚಿ, ಫ್ಯಾನ್ ಆರಿಸಿ, ಕೀಬೋರ್ಡಿಗೆ ಕಿವಿ ಹಚ್ಚಿದ ಮೇಲೆ ನನಗೂ ಕೇಳಿತು. ಸಣ್ಣಗೆ, ಕಿಂಯ್ ಎನ್ನುವ ಸದ್ದು. ವಯಸ್ಸಾದಂತೆ ಕಿವಿ ಮೊದಲು ಕೈಕೊಡುವುದು ಇಂಥ ಕೀರಲು ಸದ್ದಿಗೇ. ಮಕ್ಕಳಿಗೆ ಅದು ಬೇಗ ಗೊತ್ತಾಗುತ್ತದೆ.

ಅನುಮಾನ ಬಂದದ್ದು ಒಳಗಿನ ಫ್ಯಾನಿನ ಮೇಲೆ. ಅಂಗಡಿಗೆ ಕೊಟ್ಟು ಅದನ್ನು ಬದಲಾಯಿಸಿಯೂ ಆಯಿತು, ಸದ್ದು ಹೋಗಲಿಲ್ಲ. ಆಮೇಲೆ ಮಗಳೇ ಒಂದು ವಿಷಯ ಗಮನಿಸಿದಳು. ಮೌಸ್ ಅಲ್ಲಾಡಿಸುತ್ತಾ ಇದ್ದರೆ ಸದ್ದು ನಿಲ್ಲುತ್ತದೆ. ಕೈ ತೆಗೆದರೆ ಮತ್ತೆ ಶುರು.

ಮೌಸಿಗೆ ಸಂಬಂಧ ಇರುವುದು ಪ್ರೊಸೆಸರಿನ ನಿದ್ದೆಯ ಜೊತೆ. ಕೆಲಸ ಇಲ್ಲದಾಗ ಪ್ರೊಸೆಸರ್ ಸುಮ್ನೆ ಕರೆಂಟು ತಿನ್ನುತ್ತಾ ಕೂರುವುದಿಲ್ಲ, ಮಲಗುತ್ತದೆ. ಈ ನಿದ್ದೆಯ ಮೆಟ್ಟಿಲುಗಳಿಗೆ ಸಿ-ಸ್ಟೇಟ್ ಎಂದು ಹೆಸರು. ಸಿ0 ಅಂದರೆ ಪೂರ್ತಿ ಎಚ್ಚರ. ಸಿ1 ಕೋಳಿನಿದ್ದೆ, ಕರೆದ ಕೂಡಲೇ ಏಳುತ್ತದೆ. ಸಿ6 ಗಾಢ ನಿದ್ದೆ, ಅಲ್ಲಿ ಕೋರಿಗೆ, ಅಂದರೆ ಪ್ರೊಸೆಸರಿನೊಳಗೆ ಲೆಕ್ಕ ಮಾಡುವ ಭಾಗಕ್ಕೆ, ಹೋಗುವ ವೋಲ್ಟೇಜನ್ನೇ ಕಡಿದುಬಿಡುತ್ತಾರೆ. ಹೀಗೆ ಮಲಗಿ ಏಳುವುದು ಸೆಕೆಂಡಿಗೆ ನೂರಾರು, ಕೆಲವೊಮ್ಮೆ ಸಾವಿರಾರು ಸಲ. ನಮ್ಮ ಕಿವಿಗೆ ಕೇಳುವುದು ಸೆಕೆಂಡಿಗೆ 20ರಿಂದ 20,000 ಕಂಪನ. ಲೆಕ್ಕ ಕೂಡಿತು, ಅಲ್ವಾ? ಸಾಮಾನ್ಯ ಯುಎಸ್‌ಬಿ ಮೌಸ್ ಅಲ್ಲಾಡುವಾಗ ಸೆಕೆಂಡಿಗೆ 125 ಸಲ ಸುದ್ದಿ ಕಳಿಸುತ್ತದೆ. ಪಾಪ, ಗಾಢವಾಗಿ ಮಲಗಲು ಪ್ರೊಸೆಸರಿಗೆ ಪುರುಸೊತ್ತೇ ಸಿಗುವುದಿಲ್ಲ.

ಸದ್ದು ಮಾಡುವುದು ಮಾತ್ರ ಪ್ರೊಸೆಸರ್ ಅಲ್ಲ. ಅದಕ್ಕೆ ಬೇಕಾದದ್ದು ಸುಮಾರು 1 ವೋಲ್ಟ್, ಆದರೆ ಕರೆಂಟು ಹತ್ತಾರು ಆಂಪಿಯರ್. ವೋಲ್ಟೇಜ್ ಇಳಿಸಿ ಕೊಡಲು ಪಕ್ಕದಲ್ಲೇ ತಂತಿ ಸುತ್ತಿದ ಕಾಯಿಲ್‌ಗಳು, ಚಾರ್ಜ್ ಹಿಡಿದಿಡುವ, ರವೆಕಾಳಿನಷ್ಟು ಸಣ್ಣ ಸೆರಾಮಿಕ್ ಕೆಪಾಸಿಟರುಗಳು ಇರುತ್ತವೆ. ಪ್ರೊಸೆಸರ್ ಎದ್ದಾಗಲೆಲ್ಲ ಕರೆಂಟನ್ನು ಜಗ್ಗುತ್ತದೆ, ವೋಲ್ಟೇಜ್ ತುಸು ಅಲುಗುತ್ತದೆ. ಕೆಪಾಸಿಟರಿನ ಒಳಗಿರುವ ಬೇರಿಯಂ ಟೈಟನೇಟ್ ಎಂಬ ಸೆರಾಮಿಕ್ ವಸ್ತು ಆ ಅಲುಗಾಟಕ್ಕೆ ಹಿಗ್ಗಿ ಕುಗ್ಗುತ್ತದೆ. ಕೆಲವು ಹರಳುಗಳನ್ನು ಒತ್ತಿದರೆ ವಿದ್ಯುತ್ ಹುಟ್ಟುತ್ತದೆ ಎಂದು 1880ರಲ್ಲಿ ಜಾಕ್ ಮತ್ತು ಪಿಯರ್ ಕ್ಯೂರಿ ಅಣ್ಣತಮ್ಮಂದಿರು ತೋರಿಸಿದ್ದರು. ಇಲ್ಲಿ ನಡೆಯುವುದು ಅದರ ತಿರುವುಮುರುವು, ವಿದ್ಯುತ್ ಕೊಟ್ಟರೆ ವಸ್ತು ಅಲುಗುತ್ತದೆ. ಅಷ್ಟು ಸಣ್ಣ ಕಾಳು ಒಂದೇ ಅಲುಗಿದರೆ ಕೇಳುವುದಿಲ್ಲ. ಆದರೆ ಬೆಸುಗೆ ಹಾಕಿದ ಬೋರ್ಡು ತಂಬೂರಿಯ ಬುರುಡೆಯ ಹಾಗೆ ಅದನ್ನು ದೊಡ್ಡದು ಮಾಡುತ್ತದೆ. ಕಾಯಿಲ್‌ನ ತಂತಿಯೂ ತನ್ನದೇ ಕಾಂತಬಲಕ್ಕೆ ಅದುರುತ್ತದೆ.

ಸದ್ದು ಏಳುವ ಲೆಕ್ಕದ ಮೇಲೆ ನಿಂತಿದೆ ಎನ್ನಲು ಒಂದು ಹಳೆಯ ಉದಾಹರಣೆ ಉಂಟು. ವಿಂಡೋಸ್ ಹಾಗೆ ಕಂಪ್ಯೂಟರ್ ನಡೆಸುವ ಲಿನಕ್ಸ್‌ನ 2.6 ಆವೃತ್ತಿ 2003ರ ಕೊನೆಗೆ ಬಂತು. ಅದರಲ್ಲಿ ಪ್ರೊಸೆಸರನ್ನು ಎಬ್ಬಿಸುವ ಒಳಗಿನ ಗಡಿಯಾರದ ಟಿಕ್ ಸೆಕೆಂಡಿಗೆ 100ರಿಂದ 1000ಕ್ಕೆ ಏರಿತು. ಅಲ್ಲಿಯವರೆಗೆ ಮೌನವಾಗಿದ್ದ ಕೆಲವು ಲ್ಯಾಪ್‌ಟಾಪ್‌ಗಳು ಆಗ ಕಿಂಯ್ ಎನ್ನತೊಡಗಿದವು. ಯಂತ್ರ ಅದೇ, ಏಳುವ ಲೆಕ್ಕ ಮಾತ್ರ ಬೇರೆ.

ಹಾಗಾಗಿ ಬಿಡಿಭಾಗ ಬದಲಾಯಿಸುವ ಮೊದಲು ಎರಡು ಕೆಲಸ ಮಾಡಿ ನೋಡಿ. ಪೇಪರ್ ಸುತ್ತಿ ಕೊಳವೆ ಮಾಡಿ, ಒಂದು ತುದಿ ಕಿವಿಗೆ ಇಟ್ಟು ಸದ್ದಿನ ಜಾಗ ಹುಡುಕಿ. ಆಮೇಲೆ ಬಯಾಸ್‌ನಲ್ಲಿ, ಅಂದರೆ ಲ್ಯಾಪ್‌ಟಾಪ್ ಶುರುವಾಗುವಾಗ ತೆರೆಯಬಹುದಾದ ಸೆಟ್ಟಿಂಗ್ ಪರದೆಯಲ್ಲಿ, ಸಿ-ಸ್ಟೇಟ್ ಬಂದ್ ಮಾಡಿ. ಎಲ್ಲ ಲ್ಯಾಪ್‌ಟಾಪ್‌ಗಳಲ್ಲಿ ಆ ಆಯ್ಕೆ ಇರುವುದಿಲ್ಲ. ಇದ್ದು, ಬಂದ್ ಮಾಡಿದಾಗ ಸದ್ದು ನಿಂತರೆ ಕಾರಣ ಸಿಕ್ಕಿತು. ಆದರೆ ಅದನ್ನು ಯಾವಾಗಲೂ ಬಂದ್ ಮಾಡಿಯೇ ಬಿಡಬೇಡಿ ಎಂಬುದು ನನ್ನ ಅಭಿಪ್ರಾಯ. ಬ್ಯಾಟರಿ ಬೇಗ ಇಳಿಯುತ್ತದೆ, ಬಿಸಿ ಜಾಸ್ತಿಯಾಗುತ್ತದೆ. ನಮ್ಮ ಏಪ್ರಿಲ್ ಸೆಖೆಗೆ ಅದೊಂದು ಬೇರೆ ಬೇಕಾ?

ಮಗಳು ಹಾಡು ರೆಕಾರ್ಡ್ ಮಾಡುವ ದಿನ ಮಾತ್ರ ನಾವು ಸಿ-ಸ್ಟೇಟ್ ಬಂದ್ ಮಾಡುತ್ತೇವೆ. ಉಳಿದ ದಿನ ಅದು ಮಲಗಲಿ ಎಂದು ಬಿಟ್ಟಿದ್ದೇವೆ.