ಗದ್ದಲ ಶುರುವಾಗುವ ಮೊದಲಿನ ನಿಮಿಷ

ಹೊಸ ಶಿಕ್ಷಕರ ತರಬೇತಿಯಲ್ಲಿ ನಾವು ಯಾವ ವಿಷಯ ಹೇಳಲು ಹೋದರೂ ಚಹಾದ ಹೊತ್ತಿಗೆ ಬರುವ ಪ್ರಶ್ನೆ ಒಂದೇ. "ಸರ್, ಹುಡುಗ್ರು ಗದ್ದಲ ಮಾಡಿದ್ರ ಏನ್ ಮಾಡ್ಬೇಕ್ರಿ?" ಇಂಡಿಯಲ್ಲಿ ಕೇಳಿದರೂ ಇದೇ, ಸಿಂದಗಿಯಲ್ಲಿ ಕೇಳಿದರೂ ಇದೇ, ಜಮಖಂಡಿಯಲ್ಲೂ ಇದೇ. ಹೊಡೆಯುವ ಹಾಗಿಲ್ಲ ಅನ್ನೋದು ಅವರಿಗೆ ಗೊತ್ತು. 2009ರ ಶಿಕ್ಷಣ ಹಕ್ಕು ಕಾಯ್ದೆಯ 17ನೇ ಸೆಕ್ಷನ್ ದೈಹಿಕ ಶಿಕ್ಷೆ, ಮಾನಸಿಕ ಕಿರುಕುಳ ಎರಡನ್ನೂ ನಿಷೇಧಿಸಿದೆ. ಅದನ್ನು ಇಲ್ಲಿ ಮತ್ತೆ ವಿವರಿಸಲ್ಲ. ಅವರಿಗೆ ಬೇಕಾದದ್ದು ಕೋಲಿನ ಜಾಗಕ್ಕೆ ಇನ್ನೊಂದು ಉಪಾಯ. ಚಪ್ಪಾಳೆ ಹೊಡೆಸಲಾ? ಡಸ್ಟರ್‌ನಿಂದ ಟೇಬಲ್ ಕುಟ್ಟಲಾ? ಕೈ ಕಟ್ಟಿ ಕೂರಿಸಲಾ? ಲೀಡರ್ ಹುಡುಗನ ಕೈಗೆ ಸೀಮೆಸುಣ್ಣ ಕೊಟ್ಟು, ಮಾತಾಡಿದವರ ಹೆಸರು ಬರೆಸಲಾ?

ಆಗ ನಾನು ತಿರುಗಿ ಕೇಳುತ್ತೇನೆ: ಗದ್ದಲ ಶುರುವಾಗುವ ಮುಂಚಿನ ಒಂದು ನಿಮಿಷದಲ್ಲಿ ನೀವು ಏನು ಮಾಡ್ತಾ ಇದ್ರಿ?

ಯಾರಿಗೂ ನೆನಪಿರಲ್ಲ. ಗದ್ದಲ ಆದ ಮೇಲಿನದೆಲ್ಲ ನೆನಪಿರುತ್ತದೆ. ಯಾರು ನಕ್ಕರು, ಯಾರು ಎದ್ದು ಓಡಿದರು, ತಾವು ಎಷ್ಟು ಕೂಗಿದರು, ಎಲ್ಲ ನೆನಪಿರುತ್ತದೆ. ಮೊದಲಿನ ನಿಮಿಷ ಮಾತ್ರ ಖಾಲಿ. ನನಗೆ ಬೇಕಾಗಿರುವುದು ಆ ನಿಮಿಷವೇ.

ಇದು ನನ್ನೊಬ್ಬನ ಹಟ ಅಂತ ತಿಳಿಯಬೇಡಿ. ಜೇಕಬ್ ಕೌನಿನ್ ಅನ್ನೋ ಅಮೆರಿಕದ ಮನಃಶಾಸ್ತ್ರಜ್ಞ ತರಗತಿಗಳನ್ನು ವಿಡಿಯೊ ಮಾಡಿಸಿ, ಕೂತು ನೋಡಿ, 1970ರಲ್ಲಿ ತನ್ನ ಫಲಿತಾಂಶ ಪ್ರಕಟಿಸಿದ. ಮಕ್ಕಳು ತಪ್ಪು ಮಾಡಿದ ಮೇಲೆ ಒಳ್ಳೆಯ ಶಿಕ್ಷಕರು ಏನು ಮಾಡ್ತಾರೆ, ಉಳಿದವರು ಏನು ಮಾಡ್ತಾರೆ ಅಂತ ಹುಡುಕಿದರೆ ಅವನಿಗೆ ಹೇಳಿಕೊಳ್ಳುವಂಥ ವ್ಯತ್ಯಾಸ ಸಿಗಲಿಲ್ಲ. ವ್ಯತ್ಯಾಸ ಇದ್ದದ್ದು ತಪ್ಪು ಆಗುವ ಮುಂಚೆ. ಒಂದು ಕೆಲಸದಿಂದ ಇನ್ನೊಂದಕ್ಕೆ ಮಕ್ಕಳನ್ನು ತಡೆಯಿಲ್ಲದೆ ದಾಟಿಸುವುದು, ಇಡೀ ಕೋಣೆಯ ಮೇಲೆ ಕಣ್ಣಿಡುವುದು, ಒಬ್ಬನಿಗೆ ಹೇಳಿಕೊಡುತ್ತಲೇ ಇನ್ನೊಂದು ಮೂಲೆಯನ್ನೂ ಗಮನಿಸುವುದು. 50 ವರ್ಷ ದಾಟಿದ ಮಾತು ಇದು. ಆದರೂ ನಮ್ಮ ಹೊಸಬರು "ಆಮೇಲೆ ಏನು ಮಾಡಲಿ" ಅಂತಲೇ ಕೇಳ್ತಾರೆ.

ಇದರಲ್ಲಿ ಅವರ ತಪ್ಪು ಕಡಿಮೆ. ಬಿ.ಎಡ್.ನಲ್ಲಿ ಮೈಕ್ರೋ ಟೀಚಿಂಗ್ ಅಂತ ಒಂದೊಂದೇ ಕೌಶಲದ ತುಣುಕು ಪಾಠ ಮಾಡಿಸ್ತಾರಲ್ಲ, ಅದರ ಲೆಕ್ಕ ನೋಡಿ. 6 ನಿಮಿಷ ಪಾಠ, 6 ನಿಮಿಷ ಹಿಮ್ಮಾಹಿತಿ, 12 ನಿಮಿಷ ಮರುತಯಾರಿ, ಮತ್ತೆ 6 ನಿಮಿಷ ಪಾಠ, 6 ನಿಮಿಷ ಹಿಮ್ಮಾಹಿತಿ. ಒಟ್ಟು 36 ನಿಮಿಷ. ಎದುರಿಗೆ ಕೂತವರು 5ರಿಂದ 10 ಜನ ಸಹಪಾಠಿಗಳು. ಎಲ್ಲರೂ ದೊಡ್ಡವರು, ಎಲ್ಲರ ಕೈಯಲ್ಲೂ ಪೆನ್ನು. ಪ್ರಶ್ನೆ ಕೇಳುವ ಕೌಶಲ, ಉದಾಹರಣೆ ಕೊಡುವ ಕೌಶಲ, ಕಪ್ಪುಹಲಗೆ ಬಳಸುವ ಕೌಶಲ ಇಲ್ಲಿ ಚೆನ್ನಾಗಿಯೇ ಬರುತ್ತವೆ. ಆದರೆ 40 ಮಕ್ಕಳಿಗೆ ಹಾಳೆ ಹಂಚುವುದು 6 ನಿಮಿಷದಲ್ಲಿ ಬರುವುದೇ ಇಲ್ಲ. ಆಮೇಲೆ ಶಾಲೆಗೆ ಕಳಿಸಿದಾಗ ಏನಾಗುತ್ತದೆ? ಹಿಂದಿನ ಬೆಂಚಿನಲ್ಲಿ ಆ ತರಗತಿಯ ಗುರುಗಳು ಕೂತಿರುತ್ತಾರೆ. ಮಕ್ಕಳು ಅವರನ್ನು ನೋಡಿ ಸುಮ್ಮನಿರುತ್ತಾರೆ. ತನ್ನ ಪಾಠಕ್ಕೇ ಸುಮ್ಮನಿದ್ದರು ಅಂತ ಪ್ರಶಿಕ್ಷಣಾರ್ಥಿ ನಂಬಿಕೊಂಡು ಹೋಗುತ್ತಾನೆ. ನೌಕರಿ ಸಿಕ್ಕಿಯೋ, ಅತಿಥಿ ಶಿಕ್ಷಕನಾಗಿಯೋ ಒಬ್ಬನೇ ಒಳಗೆ ಹೋದ ದಿನ ಹಿಂದಿನ ಬೆಂಚಿನಲ್ಲಿ ಆ ಗುರುಗಳು ಇರಲ್ಲ.

ವಿಜಯಪುರ ಜಿಲ್ಲೆಯ ಒಂದು ಹಳ್ಳಿ ಶಾಲೆ. ಐದನೇ ತರಗತಿ, 41 ಮಕ್ಕಳು, ಭಿನ್ನರಾಶಿ ಪಾಠ. ಹೊಸ ಮಾಸ್ತರು ಹಿಂದಿನ ರಾತ್ರಿ ಕೂತು ಬಣ್ಣದ ಹಾಳೆಗಳನ್ನು ದುಂಡಗೆ ಕತ್ತರಿಸಿ ತಂದಿದ್ದರು. ತಾಟು ಇಟ್ಟು ಗೆರೆ ಎಳೆದು ಕತ್ತರಿಸಿದ್ದು, ಅಂಚು ಒಂದಿಷ್ಟೂ ಸೊಟ್ಟ ಇರಲಿಲ್ಲ. ಅಷ್ಟು ಆಸೆಯಿಂದ ಬಂದಿದ್ದರು. ಬಂದವರೇ ತಾವೇ ಸಾಲಿನಿಂದ ಸಾಲಿಗೆ ಹೋಗಿ ಒಂದೊಂದೇ ಹಾಳೆ ಕೊಡಲು ಶುರು ಮಾಡಿದರು. ಕೊಡುತ್ತಲೇ, ಬೆನ್ನು ತಿರುಗಿಸಿಕೊಂಡೇ ಹೇಳುತ್ತಿದ್ದರು: "ಇದನ್ನ ಮಡಚ್ರಿ, ಈಗ ಬ್ಯಾಡ, ನಾ ಹೇಳಿದ ಮ್ಯಾಲ ಮಡಚ್ರಿ, ನೋಟ್‌ಬುಕ್ ತಗೀರಿ, ಪೇಜ್ ನಂಬರ್ ನೋಡ್ರಿ." ಮೂರನೇ ಸಾಲು ತಲುಪುವಷ್ಟರಲ್ಲಿ ಮೊದಲ ಸಾಲಿನ ಹುಡುಗಿಯೊಬ್ಬಳು ಹಾಳೆಯನ್ನು ಹಣೆಗೆ ಕುಂಕುಮದಂತೆ ಹಿಡಿದಿದ್ದಳು. ಅವಳ ಪಕ್ಕದವಳು ಎರಡು ಹಾಳೆ ಸೇರಿಸಿ ಕನ್ನಡಕ ಮಾಡಿಕೊಂಡಿದ್ದಳು. ಹಿಂದಿನಿಂದ "ಸರ್ರೀ, ನಂಗ ಕೆಂಪು ಬೇಕ್ರಿ" ಅಂತ ಒಬ್ಬ. "ಸರ್ರೀ, ಇವಾ ನಂದು ಹರದಾನ್ರಿ" ಅಂತ ಇನ್ನೊಬ್ಬ. ಐದನೇ ಸಾಲಿಗೆ ಬಂದಾಗ ಮಾಸ್ತರು ಕೂಗಿದರು: "ಏ, ಸುಮ್ಮ ಕುಂದರ್ರಿ!"

ಪಾಠ ಮುಗಿದ ಮೇಲೆ ಅವರು ನನಗೆ ಹೇಳಿದ್ದು, "ಈ ಕ್ಲಾಸ್ ಭಾಳ ಕಿಡಿಗೇಡಿ ಐತ್ರಿ ಸರ್."

ನಾನು ನೋಡಿದ ತರಗತಿ ಹಾಗಿರಲಿಲ್ಲ. ಮೊದಲ ಸಾಲಿನ ಮಕ್ಕಳ ಕೈಗೆ ಬಣ್ಣದ ಹಾಳೆ ಬಂದು ನಾಲ್ಕು ನಿಮಿಷ ಆಗಿತ್ತು. ಅದರಿಂದ ಏನು ಮಾಡಬೇಕು ಅಂತ ಯಾರೂ ಹೇಳಿರಲಿಲ್ಲ. ಹತ್ತು ವರ್ಷದ ಮಗುವಿನ ಕೈಗೆ ಬಣ್ಣದ ಹಾಳೆ ಕೊಟ್ಟು ಸುಮ್ಮನೆ ಹಿಡಿದುಕೊಂಡಿರು ಅಂದರೆ ಆಗುತ್ತಾ? ನನ್ನಿಂದಲೂ ಆಗಲ್ಲ, ನಿಮ್ಮಿಂದಲೂ ಆಗಲ್ಲ.

ಹಾಗಾಗಿ ನನ್ನ ಮಾತು ಇಷ್ಟೇ, ಮತ್ತೆ ಮತ್ತೆ ಹೇಳಿದರೂ ಬೇಜಾರಿಲ್ಲ: ಸೂಚನೆ ಮೊದಲು, ಸಾಮಾನು ಆಮೇಲೆ. ಮಕ್ಕಳ ಕೈ ಖಾಲಿ ಇರುವಾಗ, ಕಣ್ಣು ನಿಮ್ಮ ಮೇಲೆ ಇರುವಾಗ, ನೀವು ಒಂದು ಕಡೆ ನಿಂತಿರುವಾಗ ಹೇಳಬೇಕು. ಓಡಾಡುತ್ತ ಹೇಳಬಾರದು. ಬೋರ್ಡಿನ ಕಡೆ ತಿರುಗಿ ಹೇಳಬಾರದು. ಗದ್ದಲದ ಮೇಲೆ ದನಿ ಏರಿಸಿ ಹೇಳಬಾರದು. ನಿಮ್ಮ ದನಿ ಏರಿದಷ್ಟೂ ಅವರ ದನಿ ಏರುತ್ತದೆ. ಮಾತು ನಿಲ್ಲಿಸಿ, ನಿಂತು, ಕಾಯಿರಿ.

ಈ ಕಾಯುವುದು ಹೊಸಬರಿಗೆ ತುಂಬಾ ಕಷ್ಟ. ಎರಡು ಸೆಕೆಂಡ್ ಮೌನ ಇದ್ದರೆ ಸೋತ ಹಾಗೆ ಅನಿಸುತ್ತದೆ. ಮೇರಿ ಬಡ್ ರೋ ಅನ್ನೋ ಸಂಶೋಧಕಿ ಶಿಕ್ಷಕರ ಪಾಠಗಳನ್ನು ರೆಕಾರ್ಡ್ ಮಾಡಿ ನೋಡಿದಾಗ, ಪ್ರಶ್ನೆ ಕೇಳಿ ಉತ್ತರಕ್ಕೆ ಅವರು ಕಾಯುತ್ತಿದ್ದದ್ದು ಸುಮಾರು ಒಂದು ಸೆಕೆಂಡ್. ಅದನ್ನು 3 ಸೆಕೆಂಡ್ ಮಾಡಿದರೆ ಉತ್ತರಗಳು ಉದ್ದವಾದವು, ಬಾಯಿ ಬಿಡದ ಮಕ್ಕಳೂ ಬಾಯಿ ಬಿಟ್ಟರು. ಅವಳು ನೋಡಿದ್ದು ಪ್ರಶ್ನೋತ್ತರವನ್ನು. ಸೂಚನೆ ಕೊಡುವಾಗಲೂ ಕಾಯುವುದು ಕೆಲಸ ಮಾಡುತ್ತದೆ ಅನ್ನೋದು ನನ್ನ ಅನುಭವ.

ಸೂಚನೆಯಲ್ಲಿ ಮೂರು ವಿಷಯ ಇರಬೇಕು. ಏನು ಮಾಡಬೇಕು, ಎಷ್ಟು ಹೊತ್ತು, ಮುಗಿದವರು ಏನು ಮಾಡಬೇಕು. ಮೊದಲಿನದನ್ನು ಎಲ್ಲರೂ ಹೇಳುತ್ತಾರೆ. ಎರಡನೆಯದನ್ನು ಕೆಲವರು ಹೇಳುತ್ತಾರೆ. ಮೂರನೆಯದನ್ನು ಹೇಳುವವರನ್ನು ಹುಡುಕಬೇಕು. ಚುರುಕಾದ ಮಗು ಐದು ನಿಮಿಷದಲ್ಲಿ ಮುಗಿಸಿ ಕೂತಿರುತ್ತದೆ, ಉಳಿದವರಿಗೆ ಹನ್ನೆರಡು ನಿಮಿಷ ಬೇಕು. ಆ ಏಳು ನಿಮಿಷ ಅದೇನು ಮಾಡಬೇಕು? ಪಕ್ಕದವನ ಜುಟ್ಟು ಎಳೆಯುತ್ತದೆ. ಆಮೇಲೆ ನಾವು "ಹುಡುಗ ಶಾಣ್ಯಾ ಇದ್ದಾನ, ಆದ್ರ ಕಿಡಿಗೇಡಿ" ಅಂತ ಹೆಸರಿಡುತ್ತೇವೆ.

ಇನ್ನು "ತಿಳೀತಾ?" ಅನ್ನೋ ಪ್ರಶ್ನೆ. ದಯವಿಟ್ಟು ಇದನ್ನು ಬಿಟ್ಟುಬಿಡಿ. "ತಿಳೀತಾ?" ಅಂದರೆ ಇಡೀ ತರಗತಿ "ಹೂಂ ರೀ" ಅನ್ನುತ್ತದೆ. "ತಿಳೀಲಿಲ್ಲ?" ಅಂದರೂ "ಹೂಂ ರೀ" ಅನ್ನುತ್ತದೆ. ಅದರಿಂದ ನಿಮಗೆ ಏನೂ ಗೊತ್ತಾಗಲ್ಲ. ಅದರ ಬದಲು ಹಿಂದಿನ ಸಾಲಿನ ಒಂದು ಮಗುವನ್ನು ಕೇಳಿ, "ಈಗ ಏನ್ ಮಾಡೂದೈತಿ, ಹೇಳು ನೋಡೂಣು." ಅದು ಸರಿ ಹೇಳಿದರೆ ಹಂಚಲು ಶುರು ಮಾಡಿ. ತಡವರಿಸಿದರೆ ಮಗುವಿನ ಮೇಲೆ ರೇಗಬೇಡಿ, ನಿಮ್ಮ ಸೂಚನೆಯನ್ನು ಸಣ್ಣದು ಮಾಡಿ.

ಆ ಮಾಸ್ತರು ಮರುದಿನ ಇದನ್ನೇ ಮಾಡಿ ನೋಡಿದರು. ಮುಂದೆ ನಿಂತು ಒಂದೇ ಹಾಳೆ ಎತ್ತಿ ಹಿಡಿದರು. ಒಮ್ಮೆ ಮಡಚಿ ತೋರಿಸಿದರು, ಇನ್ನೊಮ್ಮೆ ಮಡಚಿದರು, ಬಿಚ್ಚಿದರು, ಒಂದು ಭಾಗಕ್ಕೆ ಬಣ್ಣ ಹಾಕಿದರು. ಮುಗಿಸಿದವರು ಅದು ಎಷ್ಟನೇ ಭಾಗ ಅಂತ ಕೆಳಗೆ ಬರೆಯಬೇಕು, ಆಮೇಲೆ ಎಂಟು ಭಾಗ ಮಾಡಲು ಬರುತ್ತಾ ನೋಡಬೇಕು ಅಂದರು. ಒಬ್ಬ ಹುಡುಗಿಯಿಂದ ಮತ್ತೊಮ್ಮೆ ಹೇಳಿಸಿದರು. ಹಾಳೆ ಹಂಚಿದ್ದು ಪ್ರತಿ ಸಾಲಿನ ಮೊದಲ ಮಗು. ಮಾತು ಇತ್ತು, ಇರಲೇಬೇಕು. ಆದರೆ ಅದು ನಾಲ್ಕನೇ ಒಂದು ಭಾಗದ ಮಾತು, ಮಡಚಿದ್ದು ಸಮ ಆಗಿದೆಯಾ ಅನ್ನೋ ಮಾತು. ಬಣ್ಣದ ಜಗಳ ಅವತ್ತೂ ಇತ್ತು. ಅದಕ್ಕೆ ನನ್ನ ಬಳಿ ಔಷಧ ಇಲ್ಲ. ಎಲ್ಲವೂ ಒಂದೇ ಬಣ್ಣದ ಹಾಳೆ ತರುವುದು ಒಳ್ಳೆಯದು.

ಮಾತು ಇದ್ದರೆ ಗಾಬರಿ ಬೇಡ ಅಂತ ಬೇರೆ ಹೇಳಬೇಕಾಗಿದೆ. ಒಂದರಿಂದ ಮೂರನೇ ತರಗತಿಯ ನಲಿ-ಕಲಿಯಲ್ಲಿ, ಅಂದರೆ ಸರ್ಕಾರಿ ಶಾಲೆಗಳ ಚಟುವಟಿಕೆ ಆಧಾರಿತ ಕಲಿಕೆಯಲ್ಲಿ, ಮಕ್ಕಳು ಗುಂಪು ಗುರುತಿಸುವ ತಟ್ಟೆಗಳ ಸುತ್ತ ಕೂತು, ಕಾರ್ಡ್ ಹಿಡಿದು, ಒಬ್ಬರಿಗೊಬ್ಬರು ಕೇಳಿ ಕಲಿಯುತ್ತಾರೆ. ಅಲ್ಲಿ ಪೂರ್ತಿ ಮೌನ ಇದ್ದರೆ ನನಗೇ ಅನುಮಾನ ಬರುತ್ತದೆ. ಕೆಲಸದ ಗುಜುಗುಜು ಬೇರೆ, ಕೆಲಸ ಇಲ್ಲದ ಗದ್ದಲ ಬೇರೆ. ವರಾಂಡದಲ್ಲಿ ನಿಂತು ಒಂದು ನಿಮಿಷ ಕೇಳಿದರೆ ಯಾರಿಗಾದರೂ ಗೊತ್ತಾಗುತ್ತದೆ.

ದಿನದಲ್ಲಿ ಅತಿ ಕಷ್ಟದ ಹೊತ್ತು ಬಿಸಿಯೂಟದ ನಂತರದ್ದು. ಊಟ ಮಾಡಿ, ನಳದ ಹತ್ತಿರ ತಾಟು ತೊಳೆದು, ನೀರು ಕುಡಿದು ಮಕ್ಕಳು ಒಬ್ಬೊಬ್ಬರಾಗಿ ಬರುತ್ತಾರೆ. ಹೊಸ ಶಿಕ್ಷಕರು ಎಲ್ಲರೂ ಬರಲಿ ಅಂತ ಕಾಯುತ್ತಾರೆ. ಇಲ್ಲಿ ಮಾತ್ರ ಕಾಯಬಾರದು! ಬಾಗಲಕೋಟೆ ಕಡೆಯ ಒಂದು ಶಾಲೆಯಲ್ಲಿ ನಿವೃತ್ತಿಗೆ ಹತ್ತಿರವಾದ ಅಕ್ಕೋರು ಒಬ್ಬರಿದ್ದರು. ಅವರ ದನಿ ಕೊನೆಯ ಸಾಲಿಗೆ ಕೇಳುತ್ತಾ ಅನ್ನುವಷ್ಟು ಸಣ್ಣದು. ಊಟದ ಬೆಲ್ ಆಗುವ ಮುಂಚೆಯೇ ಬೋರ್ಡಿನ ಮೇಲೆ ಒಂದು ಕೆಲಸ ಬರೆದಿಡುತ್ತಿದ್ದರು. ಒಂದು ದಿನ ಹತ್ತು ಶಬ್ದ, ಒಂದು ದಿನ ನಾಲ್ಕು ಲೆಕ್ಕ, ಒಂದು ದಿನ "ಇವತ್ತ ಊಟದಾಗ ಏನೇನಿತ್ತು, ಬರೀರಿ." ತಾವು ಬಾಗಿಲಲ್ಲಿ ನಿಲ್ಲುತ್ತಿದ್ದರು. ಒಳಗೆ ಬರುವ ಒಂದೊಂದು ಮಗುವಿನ ಒದ್ದೆ ಕೈ ಮುಟ್ಟಿ, "ಒರಸ್ಕೋ, ಬೋರ್ಡ್ ನೋಡು" ಅನ್ನುತ್ತಿದ್ದರು. ಕೊನೆಯ ಮಗು ಬರುವಷ್ಟರಲ್ಲಿ ಮೊದಲು ಬಂದವರು ಅರ್ಧ ಮುಗಿಸಿರುತ್ತಿದ್ದರು. ಅವರು ಯಾವ ಕೌನಿನ್‌ನನ್ನೂ ಓದಿದವರಲ್ಲ. ತರಬೇತಿಗೆ ಬಂದು ಮಾತಾಡಿ ಅಂತ ಕರೆದರೆ, "ನನಗೇನ್ ಬರ್ತೈತ್ರಿ ಹೇಳಾಕ" ಅಂತ ನಾಚಿದರು. ಕೊನೆಗೆ ಹೊಸಬರನ್ನೇ ಅವರ ಬಾಗಿಲಿಗೆ ಕರೆದುಕೊಂಡು ಹೋದೆವು.

ನಮ್ಮ ಜಿಲ್ಲೆಗಳಲ್ಲಿ ಇನ್ನೊಂದು ವಿಷಯ ಮರೆಯುವಂತಿಲ್ಲ. ಕಬ್ಬಿನ ಹಂಗಾಮು ಬಂದರೆ ಎಷ್ಟೋ ಮನೆಯವರು ಕಬ್ಬು ಕಡಿಯಲು ಹೋಗುತ್ತಾರೆ, ಮಕ್ಕಳೂ ಜೊತೆಗೆ ಹೋಗುತ್ತವೆ. ತಿಂಗಳುಗಟ್ಟಲೆ ಬಿಟ್ಟು ಮರಳಿ ಬಂದ ಮಗುವಿಗೆ ತರಗತಿಯ ರೂಢಿ ಮರೆತಿರುತ್ತದೆ. ನೋಟ್‌ಬುಕ್ ಎಲ್ಲಿ ಇಡಬೇಕು, ನೀರಿಗೆ ಹೇಗೆ ಕೇಳಬೇಕು, ಏನೂ ಗೊತ್ತಿರಲ್ಲ. ತಾಂಡಾದಿಂದ ಬಂದ ಮಗುವಿನ ಮನೆಮಾತು ಲಂಬಾಣಿ. ನಿಪ್ಪಾಣಿ, ಖಾನಾಪುರದ ಕಡೆ ಎಷ್ಟೋ ಮಕ್ಕಳ ಮನೆಮಾತು ಮರಾಠಿ. ನೀವು ಪುಸ್ತಕದ ಕನ್ನಡದಲ್ಲಿ "ಜೋಡಿಯಾಗಿ ಚರ್ಚಿಸಿ ಅಭಿಪ್ರಾಯ ವ್ಯಕ್ತಪಡಿಸಿ" ಅಂದರೆ ಆ ಮಗು ಏನು ಮಾಡಬೇಕು? ಪಕ್ಕದವನ ಮುಖ ನೋಡುತ್ತದೆ, ಅವನನ್ನು ಕೇಳುತ್ತದೆ. ನೀವು "ಮಾತಾಡಬೇಡ" ಅಂತ ಗದರುತ್ತೀರಿ. ಸೂಚನೆ ಕೇಳಿಸಿಕೊಳ್ಳಲು ಮಾಡಿದ ಪ್ರಯತ್ನಕ್ಕೇ ಬೈಗುಳ. ನನಗೆ ಇದನ್ನು ನೋಡುವಾಗ ತುಂಬಾ ಸಂಕಟ ಆಗುತ್ತದೆ. ಇಂಥ ತರಗತಿಯಲ್ಲಿ ಹೇಳುವುದಕ್ಕಿಂತ ಮಾಡಿ ತೋರಿಸುವುದು ಜಾಸ್ತಿ ಇರಲಿ.

ಇದರಿಂದ ಎಲ್ಲವೂ ಸರಿಹೋಗುತ್ತದೆ ಅಂತ ನಾನು ಹೇಳಲ್ಲ. ಒಬ್ಬರೇ ಶಿಕ್ಷಕರು ಮೂರು ತರಗತಿ ನೋಡುವ ಶಾಲೆಯಲ್ಲಿ ಲೆಕ್ಕವೇ ಬೇರೆ. ಶಿಕ್ಷಣ ಹಕ್ಕು ಕಾಯ್ದೆಯ ಪ್ರಕಾರ ಪ್ರಾಥಮಿಕ ಹಂತದಲ್ಲಿ 30 ಮಕ್ಕಳಿಗೆ ಒಬ್ಬ ಶಿಕ್ಷಕ ಇರಬೇಕು. ನೀವು ನಿಂತಿರುವ ಕೋಣೆಯಲ್ಲಿ ಎಷ್ಟು ಮಕ್ಕಳಿದ್ದಾರೆ ಅನ್ನೋದು ನಿಮಗೇ ಗೊತ್ತು. ಕೆಲವು ಮಕ್ಕಳು ಎಷ್ಟು ಸಲ ಹೇಳಿದರೂ ಸೂಚನೆ ಹಿಡಿಯಲ್ಲ. ಅಂಥ ಮಗುವಿಗೆ ಹಟಮಾರಿ ಅಂತ ಹೆಸರಿಡುವ ಮುಂಚೆ ಕಿವಿ, ಕಣ್ಣು ತೋರಿಸಿ. ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ಆರೋಗ್ಯ ತಂಡ ಶಾಲೆಗೇ ಬಂದು ತಪಾಸಣೆ ಮಾಡುತ್ತದೆ. ಅವರು ಬಂದ ದಿನ ಆ ಮಗು ಗೈರಾಗದಂತೆ ನೋಡಿಕೊಳ್ಳಿ. ಮನೆಯಲ್ಲಿ ಏನಾದರೂ ನಡೆದಿರಬಹುದು, ಬೆಳಿಗ್ಗೆ ಉಪವಾಸ ಬಂದಿರಬಹುದು. ರೋಗದ ಹೆಸರು ಹೇಳುವುದು ನಮ್ಮ ಕೆಲಸ ಅಲ್ಲ, ಗಮನಿಸಿ ತೋರಿಸುವುದು ನಮ್ಮ ಕೆಲಸ.

ತರಬೇತಿಯಲ್ಲಿ ನಾವು ಈಗ ಪಾಠ ಮಾಡಿಸುವುದನ್ನು ಕಡಿಮೆ ಮಾಡಿದ್ದೇವೆ. ಅದರ ಬದಲು ಹಂಚುವುದನ್ನು ಮಾಡಿಸುತ್ತೇವೆ. ಉಳಿದ ಶಿಕ್ಷಕರೇ ಮಕ್ಕಳು. ಒಬ್ಬರ ಪೆನ್ಸಿಲ್ ಮುರಿದಿರಬೇಕು, ಒಬ್ಬರು ತಡವಾಗಿ ಬರಬೇಕು, ಇಬ್ಬರಿಗೆ ಕನ್ನಡ ಅಷ್ಟಾಗಿ ಬರಬಾರದು. ಎದ್ದು ನಿಂತವರು ಸೂಚನೆ ಕೊಟ್ಟು, ಸಾಮಾನು ಹಂಚಿ, ಎಲ್ಲರನ್ನೂ ಕೆಲಸಕ್ಕೆ ಹಚ್ಚಬೇಕು. ಅಷ್ಟೇ, ಪಾಠ ಬೇಡ. ಮೊದಲ ಸಲ ಎಲ್ಲರೂ ನಗುತ್ತಾರೆ. ಎರಡನೇ ಸಲ ನೋಟ್‌ಬುಕ್ ತೆಗೆದು ತಮ್ಮ ಸೂಚನೆಯನ್ನು ಬರೆದುಕೊಂಡು ಬರುತ್ತಾರೆ.

ಮುಖ್ಯ ಗುರುಗಳಿಗೆ ಒಂದು ಕೋರಿಕೆ. ಜೂನ್‌ನಲ್ಲಿ ಹೊಸ ಶಿಕ್ಷಕರು ಬಂದಾಗ, ಅವರ ತರಗತಿಯಲ್ಲಿ ಗದ್ದಲ ಕೇಳಿದ ಕೂಡಲೇ ಬಾಗಿಲಲ್ಲಿ ನಿಂತು "ಏನಪಾ ಇದು ಸಂತಿ" ಅಂತ ಗರ್ಜಿಸಬೇಡಿ. ಮಕ್ಕಳು ಸುಮ್ಮನಾಗುತ್ತಾರೆ, ನಿಜ. ಆದರೆ ಆ ಶಿಕ್ಷಕರ ಮಾತನ್ನು ಅವತ್ತಿನಿಂದ ಇನ್ನೂ ಕಡಿಮೆ ಕೇಳುತ್ತಾರೆ. ವಾರಕ್ಕೊಮ್ಮೆ ಹಿಂದಿನ ಬೆಂಚಿನಲ್ಲಿ ಹದಿನೈದು ನಿಮಿಷ ಕೂತುಕೊಳ್ಳಿ. ನೀವು ಇದ್ದೀರಿ ಅಂತ ಮೊದಲೊಂದಿಷ್ಟು ಹೊತ್ತು ಮಕ್ಕಳು ಸುಮ್ಮನಿರುತ್ತಾರೆ, ಆಮೇಲೆ ಮರೆಯುತ್ತಾರೆ. ಗದ್ದಲ ಎಷ್ಟು ಗಂಟೆ ಎಷ್ಟು ನಿಮಿಷಕ್ಕೆ ಶುರುವಾಯಿತು, ಆಗ ಶಿಕ್ಷಕರು ಎಲ್ಲಿ ನಿಂತಿದ್ದರು, ಯಾವ ಮಕ್ಕಳ ಕೈಯಲ್ಲಿ ಏನಿತ್ತು, ಇಷ್ಟನ್ನೇ ಬರೆಯಿರಿ. ಸರಿ ತಪ್ಪು ಬರೆಯಬೇಡಿ. ಶಾಲೆ ಬಿಟ್ಟ ಮೇಲೆ, ಮಕ್ಕಳು ಯಾರೂ ಇಲ್ಲದಾಗ, ಆ ಚೀಟಿಯನ್ನು ಅವರ ಕೈಗೆ ಕೊಡಿ.