ಕೋತಿ ಗುಂಪಿನಲ್ಲಿ ಜಗಳ ಕಾಣುತ್ತದೆ, ಸ್ನೇಹ ತಪ್ಪಿಹೋಗುತ್ತದೆ

ಕೋತಿಗಳ ಗುಂಪಿನ ಮುಂದೆ ಕೂತು ಕಂಡದ್ದನ್ನೆಲ್ಲ ಸುಮ್ನೆ ಬರೆದುಕೊಳ್ಳುತ್ತಾ ಹೋದರೆ ನೋಟ್‌ಬುಕ್ ತುಂಬ ಬರೀ ಜಗಳವೇ ಇರುತ್ತದೆ. ಜಗಳಕ್ಕೆ ಸದ್ದು ಜಾಸ್ತಿ, ಕಣ್ಣು ಅತ್ತಲೇ ಹೋಗುತ್ತದೆ. ಮೂಲೆಯಲ್ಲಿ ಎರಡು ಹೆಣ್ಣುಗಳು ಅರ್ಧ ಗಂಟೆಯಿಂದ ಹೇನು ಹೆಕ್ಕುತ್ತಾ ಕೂತದ್ದು ಲೆಕ್ಕಕ್ಕೇ ಬರುವುದಿಲ್ಲ.

ಪ್ರಾಣಿಗಳ ನಡವಳಿಕೆ ಹೇಗೆ ದಾಖಲಿಸಬೇಕು ಎಂದು 1974ರಲ್ಲಿ ವಿಜ್ಞಾನಿ ಜೀನ್ ಆಲ್ಟ್‌ಮನ್ ಬರೆದ ಲೇಖನ ಮುಖ್ಯವಾಗುವುದು ಇಲ್ಲೇ. ಒಂದೇ ಪ್ರಾಣಿಯನ್ನು ಆರಿಸಿಕೊಳ್ಳಿ. ಮೊದಲೇ ಗೊತ್ತು ಮಾಡಿದಷ್ಟು ಹೊತ್ತು ಅದರ ನಡೆಯನ್ನು ಮಾತ್ರ ಬರೆಯಿರಿ. ಪಕ್ಕದಲ್ಲಿ ಯುದ್ಧವೇ ನಡೆಯಲಿ, ಕಣ್ಣು ಕೀಳಬೇಡಿ. ಇದು ಫೋಕಲ್ ಸ್ಯಾಂಪ್ಲಿಂಗ್. ಹೆಸರು ಬಾಯಿಪಾಠ ಮಾಡಿದರೆ ಸಾಲದು, ಯಾಕೆ ಬೇಕಾಯಿತು ಅನ್ನುವುದೇ ಇದರ ತಿರುಳು.

ಹೀಗೆ ನೋಡಿದಾಗ ಹೇನು ಹೆಕ್ಕುವುದು ಬರೀ ಮೈ ಶುಚಿ ಮಾಡುವ ಕೆಲಸವಲ್ಲ, ನಂಟು ಕಾಯ್ದುಕೊಳ್ಳುವ ಕೆಲಸವೂ ಹೌದು ಅಂತ ಗೊತ್ತಾಗುತ್ತದೆ.

ಮಕಾಕ್ ಮತ್ತು ಬಬೂನ್ ಎಂಬ ಕೋತಿಗಳಲ್ಲಿ ಗಂಡುಗಳು ಬೆಳೆದ ಮೇಲೆ ಸಾಮಾನ್ಯವಾಗಿ ಗುಂಪು ಬಿಡುತ್ತವೆ. ಹೆಣ್ಣುಗಳು ಉಳಿಯುತ್ತವೆ, ಗುಂಪಿನ ಮೇಲು-ಕೀಳಿನಲ್ಲಿ ತಾಯಿಗಿರುವ ಸ್ಥಾನ ಮಗಳಿಗೆ ಬರುತ್ತದೆ. ತಮಾಷೆ ಏನೆಂದರೆ, ಜಪಾನಿ ಮಕಾಕ್‌ಗಳಲ್ಲಿ ಅಕ್ಕನಿಗಿಂತ ತಂಗಿಯೇ ಹೆಚ್ಚಾಗಿ ಮೇಲೆ. ಮೊದಲ ಸಲ ಓದಿದಾಗ ನಾನು ತಿರುವು ಮುರುವಾಗಿ ಬರೆದುಕೊಂಡಿದ್ದೆ! ಜಗಳದಲ್ಲಿ ತಾಯಿ ಕಿರಿಯಳ ಪರ ನಿಲ್ಲುತ್ತಾಳೆ, ಅದೇ ಕಾರಣ.

ಇನ್ನು ಕೂಡುವಿಕೆ. ದೊಡ್ಡ ಗಂಡೇ ಎಲ್ಲ ಮರಿಗಳ ಅಪ್ಪ ಅಂದುಕೊಳ್ಳುವುದು ಸುಲಭ. ಆದರೆ ಮರೆಯಲ್ಲಿ ನಡೆಯುವುದು ನೋಡುವವರಿಗೆ ಸಿಗುವುದಿಲ್ಲ, ಅಲ್ವಾ? ಡಿಎನ್‌ಎ ಪರೀಕ್ಷೆ ಮಾಡಿದರೆ ಕೆಳಗಿನ ಸ್ಥಾನದ ಗಂಡುಗಳ ಮರಿಗಳೂ ಸಿಗುತ್ತವೆ. ಹೆಣ್ಣು ಹಲವರ ಜೊತೆ ಕೂಡುವುದಕ್ಕೂ ಕಾರಣ ಇರಬಹುದು. 1960ರ ದಶಕದಲ್ಲಿ ಜಪಾನಿನ ವಿಜ್ಞಾನಿ ಯುಕಿಮಾರು ಸುಗಿಯಾಮಾ ಧಾರವಾಡದ ಬಳಿ ಮುಸುವಗಳನ್ನು ನೋಡುತ್ತಿದ್ದಾಗ, ಗುಂಪನ್ನು ವಶಪಡಿಸಿಕೊಂಡ ಹೊಸ ಗಂಡು ಹಳೆಯ ಗಂಡಿನ ಮರಿಗಳನ್ನು ಕೊಂದದ್ದು ಗೊತ್ತಾಯಿತು. ಹಾಲೂಡುವ ತಾಯಿ ಬೇಗ ಬೆದೆಗೆ ಬರುವುದಿಲ್ಲ. ಮರಿ ಸತ್ತರೆ ಬರುತ್ತಾಳೆ. ಹೆಣ್ಣು ಹಲವರ ಜೊತೆ ಕೂಡಿ ಅಪ್ಪ ಯಾರೆಂದು ಗೊತ್ತಾಗದಂತೆ ಮಾಡಿದರೆ ಮರಿ ಉಳಿಯಬಹುದು ಎಂದು ಮುಸುವಗಳನ್ನು ಅಧ್ಯಯನ ಮಾಡಿದ ಸಾರಾ ಹರ್ಡಿ ವಾದಿಸಿದರು. ಇದರ ಬಗ್ಗೆ ಜಗಳ ಬಹಳ ನಡೆದಿದೆ, ನನಗೆ ಮಾತ್ರ ವಾದ ಗಟ್ಟಿ ಅನ್ನಿಸುತ್ತದೆ.

ಸಹಕಾರ ಬರೀ ನೆಂಟರ ನಡುವಿನದಲ್ಲ. ಕೆರಿಬಿಯನ್ ಸಮುದ್ರದ ಪೋರ್ಟೊರಿಕೊ ಬಳಿಯ ಕಾಯೊ ಸಾಂಟಿಯಾಗೊ ದ್ವೀಪದಲ್ಲಿ 1938ರಲ್ಲಿ ಭಾರತದಿಂದ ಒಯ್ದು ಬಿಟ್ಟ ರೀಸಸ್ ಕೋತಿಗಳ ಸಂತತಿ ಇದೆ. 2017ರ ಮರಿಯಾ ಚಂಡಮಾರುತ ಅಲ್ಲಿನ ಮರಗಳನ್ನು ಉರುಳಿಸಿತು. ನೆರಳು ಕಡಿಮೆಯಾಯಿತು. ಕಿತ್ತಾಡುವ ಬದಲು ಕೋತಿಗಳು ಮುಂಚಿಗಿಂತ ಹತ್ತಿರ ಕೂತು ನೆರಳು ಹಂಚಿಕೊಂಡವು, ಹೊಸ ಜೊತೆಗಾರರನ್ನೂ ಮಾಡಿಕೊಂಡವು. ಚಂಡಮಾರುತಕ್ಕೆ ಮುಂಚಿನ ವರ್ಷಗಳ ಟಿಪ್ಪಣಿಗಳು ಕೈಯಲ್ಲಿದ್ದವು, ಅದಕ್ಕೇ ಹೋಲಿಸಿ ನೋಡಲು ಆಯಿತು.