ಲಿಂಕಿಗೆ ರೇಟು ಬಂದದ್ದು ಹೇಗೆ?

1998ರಲ್ಲಿ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ನಾಲ್ವರು ಪೇಜ್‌ರ‍್ಯಾಂಕ್ ಬಗ್ಗೆ, ಅಂದರೆ ಲಿಂಕುಗಳನ್ನು ನೋಡಿ ವೆಬ್ ಪುಟಗಳಿಗೆ ಅಂಕ ಕೊಡುವ ಲೆಕ್ಕಾಚಾರದ ಬಗ್ಗೆ, ಒಂದು ತಾಂತ್ರಿಕ ವರದಿ ಬರೆದರು. ಮುಂದೆ ಗೂಗಲ್ ಕಟ್ಟಿದ ಲ್ಯಾರಿ ಪೇಜ್, ಸರ್ಗೇ ಬ್ರಿನ್, ಅವರ ಮೇಷ್ಟ್ರುಗಳಾದ ರಾಜೀವ್ ಮೋಟ್ವಾನಿ ಮತ್ತು ಟೆರಿ ವಿನೋಗ್ರಾಡ್. ತಮ್ಮ ಲೆಕ್ಕಾಚಾರಕ್ಕೆ ಮೋಸ ಮಾಡೋಕೆ ಆಗುತ್ತಾ ಅನ್ನೋ ಪ್ರಶ್ನೆ ಅದರಲ್ಲೇ ಬರುತ್ತೆ. ಹೆಚ್ಚೆಂದರೆ ದೊಡ್ಡ ಸೈಟುಗಳಲ್ಲಿ ಲಿಂಕು ಕೊಂಡುಕೊಳ್ಳಬಹುದು, ಆದರೆ ಅದಕ್ಕೆ ದುಡ್ಡು ಖರ್ಚಾಗುತ್ತೆ, ಹಾಗಾಗಿ ಹತೋಟಿಯಲ್ಲೇ ಇರುತ್ತೆ ಅನ್ನೋ ಅರ್ಥದ ಮಾತು ಬರೆದಿದ್ದಾರೆ. ದುಡ್ಡು ಖರ್ಚಾಗುತ್ತೆ ಅಂತ ಯಾವ ವ್ಯಾಪಾರಿ ಸುಮ್ಮನಿದ್ದಾನೆ ಹೇಳಿ!

ಅವರನ್ನು ಬೈದು ಪ್ರಯೋಜನವಿಲ್ಲ. ಅದಕ್ಕೂ ಮೊದಲಿನ ಸ್ಥಿತಿ ಇನ್ನೂ ಕೆಟ್ಟದಾಗಿತ್ತು. ಆಲ್ಟಾವಿಸ್ಟಾದಂಥ ಸರ್ಚ್ ಎಂಜಿನ್‌ಗಳು ಪುಟದೊಳಗಿನ ಪದಗಳನ್ನೇ ಜಾಸ್ತಿ ನಂಬುತ್ತಿದ್ದವು. ಜನ ಬೇಕಾದ ಪದವನ್ನು ನೂರಾರು ಸಲ ತುಂಬಿ, ಬಿಳಿ ಹಿನ್ನೆಲೆಯ ಮೇಲೆ ಬಿಳಿ ಅಕ್ಷರದಲ್ಲಿ ಬಚ್ಚಿಡುತ್ತಿದ್ದರು. ಓದುವವರಿಗೆ ಕಾಣಲ್ಲ, ಯಂತ್ರಕ್ಕೆ ಮಾತ್ರ ಕಾಣುತ್ತೆ.

ಪೇಜ್ ಮತ್ತು ಬ್ರಿನ್ ದಾರಿ ಬೇರೆ. ಪುಟ ತನ್ನ ಬಗ್ಗೆ ತಾನೇ ಏನು ಕೊಚ್ಚಿಕೊಳ್ಳುತ್ತೆ ಅನ್ನೋದಕ್ಕಿಂತ, ಬೇರೆಯವರು ಅದಕ್ಕೆ ಲಿಂಕು ಕೊಟ್ಟಿದ್ದಾರಾ ನೋಡೋಣ ಅಂದರು. ಒಂದು ಸಂಶೋಧನಾ ಪ್ರಬಂಧವನ್ನು ಬೇರೆಯವರು ಎಷ್ಟು ಸಲ ಉಲ್ಲೇಖಿಸಿದ್ದಾರೆ ಅಂತ ಎಣಿಸುವ ಪದ್ಧತಿ ಮೊದಲೇ ಇತ್ತು. ಯೂಜೀನ್ ಗಾರ್ಫೀಲ್ಡ್ ಅದನ್ನು 1960ರ ದಶಕದಲ್ಲೇ ದೊಡ್ಡದಾಗಿ ಶುರು ಮಾಡಿದ್ದರು. ಸ್ಟ್ಯಾನ್‌ಫರ್ಡಿನವರು ಸೇರಿಸಿದ್ದು ತೂಕ. ಮದುವೆಗೆ ಅಡುಗೆಭಟ್ಟರನ್ನು ಹುಡುಕುವಾಗ ದಾರಿಹೋಕರು ಹೇಳಿದ ಹೆಸರಿಗಿಂತ, ನಾಲ್ಕು ಮದುವೆ ಮಾಡಿದ ಮನೆಯವರು ಹೇಳಿದ ಹೆಸರಿಗೆ ಬೆಲೆ ಜಾಸ್ತಿ, ಅಲ್ವಾ? ಆದರೆ ಅವರೇ ಐವತ್ತು ಹೆಸರು ಹೇಳಿಬಿಟ್ಟರೆ ಒಂದೊಂದರ ತೂಕ ಇಳಿಯುತ್ತೆ. ಪೇಜ್‌ರ‍್ಯಾಂಕ್ ಕೆಲಸ ಮಾಡುವುದೂ ಹೆಚ್ಚುಕಡಿಮೆ ಹೀಗೇ.

ಲೆಕ್ಕಾಚಾರ ಒಳಗೇ ಇದ್ದಿದ್ದರೆ ಕಥೆ ಬೇರೆ ಆಗುತ್ತಿತ್ತೋ ಏನೋ. ಗೂಗಲ್ 2000ದ ಡಿಸೆಂಬರ್‌ನಲ್ಲಿ ಬ್ರೌಸರಿಗೆ ಸೇರಿಸಿಕೊಳ್ಳುವ ಒಂದು ಟೂಲ್‌ಬಾರ್ ಬಿಟ್ಟಿತು. ಅದರಲ್ಲೊಂದು ಪುಟ್ಟ ಹಸಿರು ಪಟ್ಟಿ. ನೀವು ನೋಡುತ್ತಿರುವ ಪುಟಕ್ಕೆ ಸೊನ್ನೆಯಿಂದ ಹತ್ತರೊಳಗೆ ಎಷ್ಟು ಅಂಕ ಅಂತ ಯಾರು ಬೇಕಾದರೂ ನೋಡಬಹುದಿತ್ತು. ಲಿಂಕು ಮಾರಾಟದ ಸರಕಾಗಲು ಲೆಕ್ಕಾಚಾರಕ್ಕಿಂತ ಈ ಪಟ್ಟಿಯೇ ದೊಡ್ಡ ಕಾರಣ ಅಂತ ನನಗನ್ನಿಸುತ್ತೆ. ಅಂಕ ಕಣ್ಣಿಗೆ ಕಂಡ ಮೇಲೆ ರೇಟು ಕಟ್ಟೋದು ಸುಲಭ. ಏಳು ಅಂಕದ ಸೈಟಿನ ಲಿಂಕಿಗೆ ಒಂದು ದರ, ನಾಲ್ಕು ಅಂಕದ್ದಕ್ಕೆ ಇನ್ನೊಂದು.

2002ರಲ್ಲಿ ಅಮೆರಿಕದ ಒಕ್ಲಹೋಮಾದ ಸರ್ಚ್‌ಕಿಂಗ್ ಅನ್ನೋ ಕಂಪನಿ ಇದನ್ನೇ ದಂಧೆ ಮಾಡಿಕೊಂಡಿತು. ಹೆಚ್ಚು ಅಂಕ ಇರುವ ಸೈಟುಗಳಲ್ಲಿ ಲಿಂಕಿಗೆ ಜಾಗ ಕೊಡಿಸುವ ದಲ್ಲಾಳಿ ಕೆಲಸ. ಸ್ವಲ್ಪ ದಿನದಲ್ಲೇ ಅದರ ಅಂಕ ಕುಸಿಯಿತು. ಕಂಪನಿ ಗೂಗಲ್ ಮೇಲೆ ಕೋರ್ಟಿಗೆ ಹೋಯಿತು. ಪೇಜ್‌ರ‍್ಯಾಂಕ್ ಅನ್ನೋದು ಗೂಗಲ್ಲಿನ ಅಭಿಪ್ರಾಯ, ಅಭಿಪ್ರಾಯ ಹೇಳುವ ಹಕ್ಕು ಅದಕ್ಕಿದೆ ಅಂತ 2003ರಲ್ಲಿ ಕೋರ್ಟು ಕೇಸನ್ನು ವಜಾ ಮಾಡಿತು. ಗೂಗಲ್ ಗೆದ್ದರೂ ದಂಧೆ ನಿಲ್ಲಲಿಲ್ಲ. 2005ರಲ್ಲಿ ಗೂಗಲ್, ಯಾಹೂ, ಎಂಎಸ್ಎನ್ ಮೂರೂ ಸರ್ಚ್ ಎಂಜಿನ್‌ಗಳು ಸೇರಿ ಲಿಂಕಿಗೆ ಹಾಕುವ 'ನೋಫಾಲೋ' ಗುರುತು ತಂದವು. ಆ ಗುರುತು ಇರುವ ಲಿಂಕನ್ನು ಶಿಫಾರಸು ಅಂತ ಎಣಿಸಲ್ಲ ಅನ್ನೋದು ಆಗಿನ ಲೆಕ್ಕ.

ಇದೆಲ್ಲ ಎಷ್ಟು ದೂರ ಹೋಗಿತ್ತು ಅನ್ನೋದು ಜನಸಾಮಾನ್ಯರಿಗೆ ಗೊತ್ತಾದದ್ದು 2011ರ ಫೆಬ್ರವರಿಯಲ್ಲಿ. ಜೆ.ಸಿ. ಪೆನ್ನಿ ಅಮೆರಿಕದ ಹಳೆಯ ಬಟ್ಟೆ, ಗೃಹಬಳಕೆ ಸಾಮಾನಿನ ಅಂಗಡಿ. ಗೂಗಲ್‌ನಲ್ಲಿ ಉಡುಪು ಅಂತ ಹುಡುಕಿದರೂ ಅದೇ ಮೊದಲು, ಹಾಸಿಗೆ ಅಂತ ಹುಡುಕಿದರೂ ಅದೇ ಮೊದಲು. ಸ್ಯಾಮ್ಸೊನೈಟ್ ಸೂಟ್‌ಕೇಸ್ ಹುಡುಕಿದರೆ ಸ್ಯಾಮ್ಸೊನೈಟ್ ಕಂಪನಿಯ ಸೈಟಿಗಿಂತಲೂ ಮೇಲೆ! ನ್ಯೂಯಾರ್ಕ್ ಟೈಮ್ಸ್ ಕೆದಕಿ ನೋಡಿತು. ನಾಯಿ, ಕ್ಯಾಮೆರಾ, ಗೊರಕೆ, ಹಲ್ಲಿನ ಡಾಕ್ಟರು, ಹೀಗೆ ಸಂಬಂಧವೇ ಇಲ್ಲದ ಸೈಟುಗಳ ಮೂಲೆಯಲ್ಲಿ ಪೆನ್ನಿಯ ಉಡುಪುಗಳಿಗೆ ಲಿಂಕು. ಇಂಥ 2,015 ಪುಟ ಸಿಕ್ಕವು. ಪತ್ರಿಕೆ ಗೂಗಲ್ಲಿಗೆ ತಿಳಿಸಿದ ಮೇಲೆ, ಸೂಟ್‌ಕೇಸ್ ಹುಡುಕಾಟದಲ್ಲಿ ಸಂಜೆ 7ಕ್ಕೆ ಒಂದನೇ ಸ್ಥಾನದಲ್ಲಿದ್ದ ಪೆನ್ನಿ ಎರಡೇ ಗಂಟೆಯಲ್ಲಿ 71ಕ್ಕೆ ಇಳಿಯಿತು. ಇದು ನಮ್ಮ ಅನುಮತಿಯಿಲ್ಲದೆ ನಡೆದದ್ದು ಅಂದ ಕಂಪನಿ, ತಾನು ನೇಮಿಸಿಕೊಂಡಿದ್ದ ಎಸ್ಇಒ (ಹುಡುಕಾಟದಲ್ಲಿ ಸೈಟನ್ನು ಮೇಲಕ್ಕೆ ತರುವ ಕೆಲಸ) ಸಂಸ್ಥೆಯನ್ನು ಕೆಲಸದಿಂದ ತೆಗೆಯಿತು.

ಮರುವರ್ಷ ಜನವರಿಯಲ್ಲಿ ಇನ್ನೊಂದು ತಮಾಷೆ. ಕ್ರೋಮ್ ಬ್ರೌಸರ್ ಪ್ರಚಾರದ ಲೇಖನಗಳಲ್ಲಿ ದುಡ್ಡು ಕೊಟ್ಟ ಲಿಂಕು ಸಿಕ್ಕಿತು. ಗೂಗಲ್ ತನ್ನದೇ ಕ್ರೋಮ್ ಪುಟವನ್ನು ಕನಿಷ್ಠ 60 ದಿನ ಕೆಳಕ್ಕೆ ತಳ್ಳಬೇಕಾಯಿತು.

2012ರ ಏಪ್ರಿಲ್‌ನಲ್ಲಿ ಗೂಗಲ್ಲಿನ 'ಪೆಂಗ್ವಿನ್' ಬಂತು. ಒಂದೊಂದೇ ಸೈಟನ್ನು ಹಿಡಿಯುವ ಬದಲು ಕಳ್ಳ ಲಿಂಕುಗಳನ್ನು ಯಂತ್ರವೇ ಗುರುತಿಸಿ ಶಿಕ್ಷಿಸುವ ವ್ಯವಸ್ಥೆ. ಇಂಗ್ಲಿಷ್ ಹುಡುಕಾಟಗಳಲ್ಲಿ ಸುಮಾರು 3.1% ಬದಲಾದವು. ದುಡ್ಡು ಕೊಟ್ಟು ಲಿಂಕು ಹಾಕಿಸಿದ್ದವರೇ ಈಗ ಅದನ್ನು ತೆಗೆಸಲು ದುಡ್ಡು ಕೊಡುವ ಕಾಲ ಬಂತು. 2016ರಲ್ಲಿ ಗೂಗಲ್ ಪೆಂಗ್ವಿನ್ನನ್ನು ಸ್ವಲ್ಪ ಮೆದುಮಾಡಿತು. ಕೆಟ್ಟ ಲಿಂಕಿಗಾಗಿ ಇಡೀ ಸೈಟನ್ನು ದಂಡಿಸುವ ಬದಲು ಆ ಲಿಂಕನ್ನು ಲೆಕ್ಕಕ್ಕೇ ತೆಗೆದುಕೊಳ್ಳದಿರುವ ಕ್ರಮ ಅದು. ಬೇರೆಯವರು ಹಾಕಿದ ಲಿಂಕಿಗೆ ನಾನ್ಯಾಕೆ ಶಿಕ್ಷೆ ಅನುಭವಿಸಬೇಕು ಅಂತ ಕೇಳುತ್ತಿದ್ದವರಿಗೆ ಇದು ನ್ಯಾಯವೇ.

ಅದೇ ವರ್ಷ ಹಸಿರು ಪಟ್ಟಿಯನ್ನೂ ಗೂಗಲ್ ತೆಗೆದುಹಾಕಿತು. ಅಷ್ಟರಲ್ಲಿ ಮೋಜ್, ಏಹ್ರೆಫ್ಸ್‌ನಂಥ ಖಾಸಗಿ ಕಂಪನಿಗಳು ತಮ್ಮದೇ ಅಂಕ ಕೊಡಲು ಶುರು ಮಾಡಿದ್ದವು, ಈ ಸಲ ನೂರಕ್ಕೆ. ಗೂಗಲ್ ತಾನು ಅವನ್ನು ಬಳಸಲ್ಲ ಅಂತ ಹಲವು ಸಲ ಹೇಳಿದೆ. ಆದರೂ 'ನಿಮ್ಮ ಸೈಟಿನಲ್ಲಿ ಲೇಖನ ಹಾಕ್ತೀವಿ, ಒಂದು ಲಿಂಕ್ ಕೊಡಿ, ಎಷ್ಟಾಗುತ್ತೆ?' ಅಂತ ಮೇಲ್ ಕಳಿಸುವವರು ಚೌಕಾಸಿ ಮಾಡೋದು ಹೆಚ್ಚಾಗಿ ಆ ಅಂಕ ನೋಡಿಯೇ.